ಹದಿನಾಲ್ಕು ವರ್ಷದ ಮೇಲೆ ಮತ್ತೆ ಸೇರ್ತಿರೋ ಹಾಸನದ ಕನ್ನಡ ರಾಕ್ ತಂಡ: ಹಾಡಿನ ಹಕ್ಕು, ಹಳೇ ರೆಕಾರ್ಡಿಂಗ್, ಶ್ರುತಿ, ಸೌಂಡ್ ಬಗ್ಗೆ ಸಲಹೆ ಬೇಕು

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ವಿಷಯ ಹೀಗಿದೆ. ಹಾಸನದ ಐದು ಜನರ ತಂಡ: ಹಾಡು ಮತ್ತು ಅಕೂಸ್ಟಿಕ್ ಗಿಟಾರ್, ಲೀಡ್ ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್. ಮೂರು ಹಾಡಿಗೆ ತಮಟೆಯೂ ಇತ್ತು. ಕಾಲೇಜು ಫೆಸ್ಟ್‌ಗಳಿಂದ ಶುರುವಾಗಿ ಗಣಪತಿ ಪೆಂಡಾಲ್, ಬೆಂಗಳೂರಿನ ಸ್ಪರ್ಧೆಗಳ ತನಕ ಹೋಗಿ ನಿಂತುಹೋಯ್ತು. 2006ರಲ್ಲಿ ಒಂದು ಆಡಿಯೋ ಕಂಪನಿ ಜೊತೆ ಒಂದೂವರೆ ಪುಟದ ಕರಾರು, ಎಂಟು ಹಾಡಿನ ಸಿ.ಡಿ. ಒಡೆದದ್ದಕ್ಕೆ ಕಾರಣ ಎರಡು. ಸಾಹಿತ್ಯ ಬರೆದಿದ್ದು ಒಬ್ಬರು, ಸಿ.ಡಿ. ಮೇಲೆ ಎಲ್ಲಕ್ಕೂ ‘ತಂಡ’ ಅಂತ ಹೆಸರು. ಗಣಪತಿ ಸೀಸನ್ ದುಡ್ಡಲ್ಲಿ ಒಟ್ಟಿಗೆ ತಗೊಂಡ ಮಿಕ್ಸರ್, ಆಂಪ್ಲಿಫೈಯರ್ ಯಾರದ್ದು ಅನ್ನೋ ಜಗಳ.

ಈಗ ನಾಲ್ಕು ಜನ ಒಪ್ಪಿದ್ದಾರೆ. ಕೀಬೋರ್ಡ್‌ನವರು ಹೊರದೇಶದಲ್ಲಿದ್ದಾರೆ, ಬರಲ್ಲ. ಹೆಸರು ಬಳಸೋಕೆ ಅಡ್ಡಿಯಿಲ್ಲ, ತಮ್ಮ ರಾಗಗಳನ್ನ ಕೇಳದೆ ಬಳಸಬೇಡಿ ಅಂದಿದ್ದಾರೆ. ಮುಂದಿನ ಡಿಸೆಂಬರ್ ಅಥವಾ ಜನವರಿಯಲ್ಲಿ ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ಕಾರ್ಯಕ್ರಮ ಅನ್ನೋ ಯೋಚನೆ.

ಹಾಡುಗಳಲ್ಲಿ ಹೆಚ್ಚಿನವು ಸ್ವಂತದ್ದು. ಜೊತೆಗೆ ಶರೀಫರ ಒಂದು ತತ್ವಪದ, ಜಿ.ಪಿ. ರಾಜರತ್ನಂ ಅವರ ಒಂದು ಪದ್ಯ, ಸಿ. ಅಶ್ವತ್ಥ್ ಅವರ ಧಾಟಿಯಲ್ಲೇ ಇರೋ ಒಂದು ಭಾವಗೀತೆ. ಉಳಿದಿರೋ ದಾಖಲೆ ಅಂದ್ರೆ ಬರೆದ ಸಿ.ಡಿ.ಗಳು, ಹಳೇ ಐಡಿಇ (ಹಳೇ ಮಾದರಿ ಕೇಬಲ್ಲಿನ) ಹಾರ್ಡ್ ಡಿಸ್ಕ್ (ನುಎಂಡೋ ಅನ್ನೋ ರೆಕಾರ್ಡಿಂಗ್ ತಂತ್ರಾಂಶದ ಪ್ರಾಜೆಕ್ಟ್‌ಗಳು), ಎರಡು ಕ್ಯಾಸೆಟ್. ವಾದ್ಯಗಳು ಮೂಡಿಗೆರೆ ಕಡೆಯ ಒಂದು ತೋಟದ ಗೋಡೌನ್‌ನಲ್ಲಿ ವರ್ಷಾನುಗಟ್ಟಲೆ ಬಿದ್ದಿವೆ. ಯಾವುದು ಮೊದಲು, ಯಾವುದು ಆಮೇಲೆ? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಕರಾರು_ಓದಿ

ರಿಹರ್ಸಲ್‌ಗೆ ಮೊದಲು ಕಾಗದ. ಒಂದೇ ಒಂದು ಹಾಡು ಒಟ್ಟಿಗೆ ನುಡಿಸೋ ಮುಂಚೆ 2006ರ ಕರಾರು ಹುಡುಕಿ ತೆಗೀರಿ. ಒಮ್ಮೆ ನುಡಿಸಿ ಖುಷಿಯಾದ್ಮೇಲೆ ದುಡ್ಡಿನ ಮಾತು ಎತ್ತೋಕೆ ಯಾರಿಗೂ ಬಾಯಿ ಬರಲ್ಲ. ಆ ಸಂಕೋಚವೇ ಆಮೇಲೆ ಜಗಳ ಆಗುತ್ತೆ.

ಕರಾರಿನಲ್ಲಿ ನೋಡಬೇಕಾದ್ದು ಅವಧಿ. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ರೆ ಐದು ವರ್ಷ ಅಂತಲೇ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆದಿಲ್ಲದಿದ್ರೆ ಭಾರತಕ್ಕೆ ಮಾತ್ರ. ನಿಮ್ಮ ಒಂದೂವರೆ ಪುಟದಲ್ಲಿ ಅವಧಿ ಇಲ್ಲ ಅಂದ್ರೆ, ಕೊಟ್ಟ ಹಕ್ಕು 2011ರಲ್ಲೇ ವಾಪಸ್ ಬಂದಿರುತ್ತೆ. ‘ಶಾಶ್ವತವಾಗಿ’ ಅಂತ ಇದ್ರೆ ಮಾತು ಬೇರೆ, ಆಗ ವಕೀಲರಿಗೆ ತೋರಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಎಷ್ಟೋ ತಂಡದವರು ಎಡವೋದು ಇಲ್ಲೇ. ಒಂದು ಹಾಡಿನಲ್ಲಿ ಮೂರು ಆಸ್ತಿ ಇರುತ್ತೆ: ಸಾಹಿತ್ಯ, ರಾಗ, ರೆಕಾರ್ಡಿಂಗ್. ಮೊದಲೆರಡು ಬರೆದವರದ್ದು, ರಾಗ ಹಾಕಿದವರದ್ದು. ಮೂರನೇದು, ರೆಕಾರ್ಡಿಂಗ್ ಮಾಡಿಸೋ ಹೊಣೆ ಹೊತ್ತವರದ್ದು. ಸ್ಟುಡಿಯೋ ಬಾಡಿಗೆ ಕಂಪನಿ ಕಟ್ಟಿದ್ರೆ ಆ ರೆಕಾರ್ಡಿಂಗ್ ಮೊದಲಿನಿಂದಲೂ ಕಂಪನಿಯದ್ದೇ. ಅದಕ್ಕೆ ಐದು ವರ್ಷದ ಲೆಕ್ಕ ಅನ್ವಯಿಸಲ್ಲ. ನೀವೇ ದುಡ್ಡು ಹಾಕಿ ರೆಕಾರ್ಡ್ ಮಾಡಿ ಮಾಸ್ಟರ್ (ಅಂತಿಮ ಮೂಲ ರೆಕಾರ್ಡಿಂಗ್) ಕೊಟ್ಟಿದ್ರೆ ಮಾತ್ರ ಅದೂ ವಾಪಸ್. ಅನುಮಾನ ಇದ್ರೆ ಜಗ್ಗಾಡೋದು ಬೇಡ. ಸಾಹಿತ್ಯ, ರಾಗ ನಿಮ್ಮ ಕೈಯಲ್ಲಿದ್ರೆ ಅದೇ ಹಾಡುಗಳನ್ನ ಹೊಸದಾಗಿ ರೆಕಾರ್ಡ್ ಮಾಡಿ. ಹಳೇ ಮಾಸ್ಟರ್‌ಗೆ ಕೈ ಹಾಕ್ದೆ ಹೊಸದನ್ನ ಬಿಡುಗಡೆ ಮಾಡಬಹುದು.

ಕವಿತೆಗಳ ಲೆಕ್ಕ ಸುಲಭ. ಕವಿ ತೀರಿಕೊಂಡ ವರ್ಷಕ್ಕೆ 60 ಸೇರಿಸಿ, ಆ ವರ್ಷದ ಡಿಸೆಂಬರ್ 31ರ ತನಕ ಹಕ್ಕು ಇರುತ್ತೆ. ರಾಜರತ್ನಂ 1979ರಲ್ಲಿ ತೀರಿಕೊಂಡ್ರು, ಹಾಗಾಗಿ 2039ರ ಕೊನೆವರೆಗೂ ವಾರಸುದಾರರ ಅನುಮತಿ ಬೇಕು. ಮುಂದೆ ಬೇರೆ ಕವಿಗಳನ್ನ ಆರಿಸ್ಕೊಳ್ಳೋದಾದ್ರೆ ಡಿ.ವಿ.ಜಿ. 2035, ಬೇಂದ್ರೆ 2041, ಕುವೆಂಪು 2054, ಕೆ.ಎಸ್. ನರಸಿಂಹಸ್ವಾಮಿ 2063. ಬಿ.ಎಂ.ಶ್ರೀ. ಪದ್ಯಗಳು ಮುಕ್ತ. 1889ರಲ್ಲಿ ತೀರಿಕೊಂಡ ಶರೀಫರೂ ಮುಕ್ತ. ಆದರೆ ಶರೀಫರ ಪದ ಮುಕ್ತ ಅಂದ ಮಾತ್ರಕ್ಕೆ ಎಲ್ಲರ ಬಾಯಲ್ಲಿರೋ ಧಾಟಿ ಮುಕ್ತ ಅಲ್ಲ. ಆ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವತ್ಥ್ ಅವರು ಹಾಕಿದವು. ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಅವರ ರಾಗಗಳ ಹಕ್ಕು 2069ರ ಕೊನೆವರೆಗೂ ಇದೆ. ನಿಮ್ಮ ತತ್ವಪದದ ಧಾಟಿ ನಿಮ್ಮದೇ ಆಗಿದ್ರೆ ಚಿಂತೆಯಿಲ್ಲ. ಭಾವಗೀತೆಗೆ ಕವಿಯದ್ದು, ರಾಗ ಹಾಕಿದವರದ್ದು ಎರಡೂ ಅನುಮತಿ ಬೇಕು.

ವೇದಿಕೆ ಮೇಲೆ ಹಾಡೋದಕ್ಕೆ ಮಾತ್ರ ಆದ್ರೆ ಐಪಿಆರ್‌ಎಸ್ (ಸಾಹಿತಿ, ಸಂಗೀತಕಾರರ ಪರವಾಗಿ ಹಕ್ಕಿನ ದುಡ್ಡು ವಸೂಲಿ ಮಾಡೋ ಸಂಸ್ಥೆ) ಪಟ್ಟಿಯಲ್ಲಿರೋ ಕೃತಿಗಳಿಗೆ ಅವರ ಲೈಸೆನ್ಸ್ ತಗೋಬೇಕಾದ್ದು ಸಂಘಟಕರು. ಮಧ್ಯದಲ್ಲಿ ಸಿ.ಡಿ. ಅಥವಾ ಫೋನಿಂದ ಹಾಡು ಹಾಕೋದಾದ್ರೆ ಆ ರೆಕಾರ್ಡಿಂಗ್‌ಗೂ ಬೇರೆ ಲೈಸೆನ್ಸ್ ಬೇಕಾಗುತ್ತೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ನಡೆಸೋ ಕಾರ್ಯಕ್ರಮಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ಕ್ಷಣ ಅದು ಹೋಯ್ತು. ವೀಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕೋದಕ್ಕೂ ಆ ವಿನಾಯಿತಿ ಬರಲ್ಲ, ಮರೀಬೇಡಿ.

ತಂಡದ ಹೆಸರು. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ 41ನೇ ವರ್ಗದಲ್ಲಿ (ಮನರಂಜನೆ ಸೇವೆಗಳದ್ದು) ಪುಕ್ಕಟೆಯಾಗಿ ಹುಡುಕಬಹುದು. ಖಾಲಿ ಇದ್ರೆ ಐದೂ ಜನರ ಹೆಸರಲ್ಲಿ ಜಂಟಿಯಾಗಿ ಅರ್ಜಿ ಹಾಕಿ, ಒಬ್ಬರ ಹೆಸರಲ್ಲಿ ಬೇಡವೇ ಬೇಡ. 1985ರಲ್ಲಿ ರೋಜರ್ ವಾಟರ್ಸ್ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಬಿಟ್ಟಾಗ ‘ನಾನಿಲ್ಲದೆ ಆ ಹೆಸರಿಲ್ಲ’ ಅಂತ ಕೋರ್ಟಿಗೆ ಹೋದ್ರು, ಉಳಿದವರು ಹೆಸರು ಬಿಡಲಿಲ್ಲ. ವಾಟರ್ಸ್ ಸೇರಿ ಆ ನಾಲ್ವರು ಮತ್ತೆ ಒಂದೇ ವೇದಿಕೆ ಮೇಲೆ ನಿಂತದ್ದು 2005ರ ಜುಲೈ 2ರಂದು, ಅದೂ ಒಂದೇ ಸಲ. ನಿಮ್ಮ ಕಾಗದದಲ್ಲಿ ಒಂದು ಸಾಲು ಸಾಕು: ಮೂಲ ಸದಸ್ಯರಲ್ಲಿ ಕನಿಷ್ಠ ಮೂವರು ಇದ್ರೆ ಮಾತ್ರ ಈ ಹೆಸರಲ್ಲಿ ಕಾರ್ಯಕ್ರಮ.

ಹಾಡಿನಿಂದ ಬರೋ ದುಡ್ಡಿಗೆ ನನ್ನ ಸಲಹೆ: ನೂರಕ್ಕೆ 30 ಸಾಹಿತ್ಯಕ್ಕೆ, 30 ರಾಗಕ್ಕೆ, ಉಳಿದ 40 ಐದು ಜನಕ್ಕೆ ಎಂಟೆಂಟು. ಕೀಬೋರ್ಡ್‌ನವರು ಬರದೇ ಇದ್ರೂ ಅವರ ಪಾಲು ಅವರಿಗೆ. ಪ್ರತಿ ಹಾಡಿಗೂ ಸಾಹಿತ್ಯ ಯಾರು, ರಾಗ ಯಾರು ಅಂತ ಒಂದು ಪಟ್ಟಿ ಮಾಡಿ, ಇ-ಸ್ಟಾಂಪ್ ಕಾಗದದ ಕರಾರಿಗೆ ಅದನ್ನ ಲಗತ್ತಿಸಿ ಐವರೂ ಸಹಿ ಹಾಕಿ. ಸಿ.ಡಿ. ಮೇಲೆ ಬಿಟ್ಟುಹೋದ ಹೆಸರು ಆ ಪಟ್ಟಿಯಲ್ಲಿ ಬರಲಿ. ಹೊಸ ರೆಕಾರ್ಡಿಂಗ್ ಬಿಟ್ಟಾಗ ಕ್ರೆಡಿಟ್ ಜಾಗದಲ್ಲೂ ಬರಲಿ. ಸಾಹಿತ್ಯ ಬರೆದವರಿಗೆ ಸಲ್ಲಬೇಕಾದ್ದು ಹಾಗೆ ಸಲ್ಲುತ್ತೆ.

ಪೆಂಡಾಲ್_ಆರ್ಕೆಸ್ಟ್ರಾ

ಕಾಗದದ ಬಗ್ಗೆ ಮೇಲಿನವರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಸಾಮಾನಿನ ಬಗ್ಗೆ ನನ್ನದು.

ನಮ್ಮ ಕಡೆ ಸ್ವಂತ ಹಾಡಿನ ತಂಡಗಳು ಬೆಳೆಯೋದೂ ಒಡೆಯೋದೂ ಒಂದೇ ಕಾರಣಕ್ಕೆ. ದುಡ್ಡು ಬರೋದು ಗಣಪತಿ ಸೀಸನ್‌ನಲ್ಲಿ ಸಿನಿಮಾ ಹಾಡು ನುಡಿಸಿ. ಆ ದುಡ್ಡು ಹಂಚ್ಕೊಳ್ಳದೆ ‘ತಂಡಕ್ಕೆ’ ಅಂತ ಸ್ಪೀಕರ್, ಮಿಕ್ಸರ್ ತಗೋತಾರೆ. ಬಿಲ್ ಒಬ್ಬರ ಹೆಸರಲ್ಲಿ, ಸಾಮಾನು ಇನ್ನೊಬ್ಬರ ಮನೇಲಿ. ತಂಡ ನಡೀತಿರೋ ತನಕ ಸರಿ. ಒಬ್ಬರಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ ದಿನ ‘ನನ್ನ ಪಾಲು’ ಅನ್ನೋ ಮಾತು ಬರುತ್ತೆ, ಲೆಕ್ಕ ಯಾರ ಹತ್ರನೂ ಇರಲ್ಲ.

ತೀರಿಸೋದು ಹೀಗೆ. ಅವತ್ತು ಕೊಟ್ಟ ಬೆಲೆ ಮರೆತುಬಿಡಿ. ಪ್ರತಿ ವಸ್ತುವಿಗೂ ಇವತ್ತು ಸೆಕೆಂಡ್ ಹ್ಯಾಂಡ್‌ನಲ್ಲಿ ಏನು ಸಿಗುತ್ತೋ ಅದನ್ನ ಬರೀರಿ. ಮಿಕ್ಸರ್‌ಗೆ 10,000 ಅಂತ ಇಟ್ಕೊಳ್ಳಿ, ಇಟ್ಕೊಳ್ಳೋರು ಉಳಿದ ನಾಲ್ವರಿಗೆ ತಲಾ 2,000 ಕೊಟ್ಟು ಪೂರ್ತಿ ತಮ್ಮದು ಮಾಡ್ಕೊಳ್ಳಲಿ. ಇಷ್ಟು ವರ್ಷದ ಮೇಲೆ ಮೊತ್ತ ಚಿಕ್ಕದಾಗಿರುತ್ತೆ, ಮನಸ್ಸಲ್ಲಿರೋ ಭಾರ ದೊಡ್ಡದು. ಇನ್ನು ಮುಂದೆ ಜಂಟಿ ಖರೀದಿ ಅನ್ನೋದೇ ಬೇಡ, ಒಂದು ವಸ್ತುವಿಗೆ ಒಬ್ಬರೇ ಮಾಲೀಕರು. ಪಿ.ಎ. (ಸಭೆಗೆ ಕೇಳಿಸೋ ಸ್ಪೀಕರ್ ವ್ಯವಸ್ಥೆ) ಬಾಡಿಗೆಗೆ ತನ್ನಿ.

ಇನ್ನೊಂದು. ಮತ್ತೆ ಸೇರೋವಾಗ ಪಾಲು ಬದಲಾಗೋದಿದ್ರೆ ಮೊದಲೇ ಹೇಳಿಬಿಡಿ. ಅಮೆರಿಕದ ಈಗಲ್ಸ್ ತಂಡ 1980ರಲ್ಲಿ ನಿಂತು 1994ರಲ್ಲಿ ಸೇರಿದಾಗ ಹಳೇ ಸಮಪಾಲು ಹೋಗಿ ಇಬ್ಬರಿಗೆ ಹೆಚ್ಚು ಅಂತಾಯ್ತು. ಅದೇ ಅಸಮಾಧಾನ ಬೆಳೆದು 2001ರಲ್ಲಿ ಗಿಟಾರ್ ವಾದಕ ಡಾನ್ ಫೆಲ್ಡರ್ ಅವರನ್ನ ತೆಗೆದ್ರು, ಕೋರ್ಟ್ ಕೇಸಾಯ್ತು. ಅಷ್ಟು ದುಡ್ಡಿದ್ದವರಿಗೇ ಹಾಗಾದ್ರೆ, ಒಂದು ಕಾರ್ಯಕ್ರಮದ ಕಲೆಕ್ಷನ್ ಹಂಚ್ಕೊಳ್ಳೋ ನಾವು ಎಷ್ಟು ಎಚ್ಚರ ಇರಬೇಕು ನೋಡಿ.

ಟೇಪ್_ಹೆಡ್

ಹಳೇ ದಾಖಲೆ ಬಗ್ಗೆ. ಇದನ್ನ ಮುಂದೂಡಬೇಡಿ, ಮಳೆಗಾಲ ಒಂದೊಂದು ಕಳೆದಂತೆ ಹಾಳಾಗೋದು ಜಾಸ್ತಿ.

ಮೊದಲು ಹಾರ್ಡ್ ಡಿಸ್ಕ್. ಅದನ್ನ ಹಳೇ ಕಂಪ್ಯೂಟರ್‌ಗೆ ಹಾಕಿ ಬೂಟ್ ಮಾಡೋ ಪ್ರಯತ್ನ ಬೇಡ. ಯುಎಸ್‌ಬಿ–ಐಡಿಇ ಅಡಾಪ್ಟರ್ ಸಿಗುತ್ತೆ. 3.5 ಇಂಚಿನ ಡಿಸ್ಕ್‌ಗೆ ಪ್ರತ್ಯೇಕ 12 ವೋಲ್ಟ್ ಪವರ್ ಬೇಕು, ಅದಿರೋ ಅಡಾಪ್ಟರನ್ನೇ ತಗೊಳ್ಳಿ. ಡಿಸ್ಕ್ ಹಿಂದಿನ ಪುಟ್ಟ ಜಂಪರ್ ಕ್ಲಿಪ್ಪನ್ನ ‘ಮಾಸ್ಟರ್’ ಅನ್ನೋ ಜಾಗಕ್ಕೆ ಇಡಿ. ಡಿಸ್ಕ್ ಕಂಡ ಕೂಡಲೇ ಫೈಲ್ ತೆರೆದು ಕೇಳ್ತಾ ಕೂರಬೇಡಿ, ಪೂರ್ತಿ ಡಿಸ್ಕ್‌ನ ಇಮೇಜ್ ಕಾಪಿ (ಯಥಾವತ್ ನಕಲು) ಮೊದಲು. ಕಟಕಟ ಸದ್ದು ಬಂದ್ರೆ ತಕ್ಷಣ ಆಫ್ ಮಾಡಿ ಡೇಟಾ ರಿಕವರಿಯವರಿಗೆ ಕೊಡಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದದ್ದು ಹಾಳಾಗುತ್ತೆ.

ನುಎಂಡೋ ಪ್ರಾಜೆಕ್ಟ್ ಫೈಲ್ ಈಗಿನ ಆವೃತ್ತಿಯಲ್ಲಿ ತೆರೆದುಕೊಳ್ಳದಿದ್ರೆ ಗಾಬರಿ ಬೇಡ. ಪಕ್ಕದ ‘ಆಡಿಯೋ’ ಫೋಲ್ಡರ್‌ನಲ್ಲಿ ಕಚ್ಚಾ ವೇವ್ ಫೈಲ್‌ಗಳಿರುತ್ತೆ. ಅವು ಬ್ರಾಡ್‌ಕಾಸ್ಟ್ ವೇವ್ ಆಗಿದ್ರೆ ಪ್ರತಿ ತುಣುಕು ಯಾವ ಸಮಯದಲ್ಲಿ ಶುರುವಾಗ್ಬೇಕು ಅನ್ನೋದು ಒಳಗೇ ಬರೆದಿರುತ್ತೆ. ಹೊಸ ಪ್ರಾಜೆಕ್ಟ್‌ಗೆ ಎಲ್ಲಾ ಎಳೆದು ಹಾಕಿ, ಮೂಲ ಜಾಗಕ್ಕೆ ಕಳಿಸೋ ಆಜ್ಞೆ ಕೊಟ್ರೆ ತಂತಮ್ಮ ಸ್ಥಾನಕ್ಕೆ ಹೋಗಿ ಕೂರುತ್ವೆ. ಎಫೆಕ್ಟ್, ಮಿಕ್ಸ್ ಹೋಗಿರುತ್ತೆ. ವಾದನ ಉಳಿದಿರುತ್ತೆ, ನಿಮಗೆ ಬೇಕಾದ್ದು ಅದೇ.

ಬರೆದ ಸಿ.ಡಿ. ಒಂದು ಡ್ರೈವ್‌ನಲ್ಲಿ ಓದದಿದ್ರೆ ಇನ್ನೊಂದರಲ್ಲಿ ಓದಬಹುದು. ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶ ಬಳಸಿ, ನಿಧಾನ ವೇಗದಲ್ಲಿ, ಎರಡು ಮೂರು ಡ್ರೈವ್ ಬದಲಿಸಿ ನೋಡಿ. ಫಂಗಸ್ ಇದ್ರೆ ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಾ ಒರೆಸಬೇಡಿ.

ಕ್ಯಾಸೆಟ್‌ಗೆ ಸ್ವಲ್ಪ ತಾಳ್ಮೆ ಬೇಕು. ಒಳಗಿರೋ ಪುಟ್ಟ ಸ್ಪಂಜಿನ ಪ್ರೆಷರ್ ಪ್ಯಾಡ್ ಕಿತ್ತು ಬಂದಿದ್ರೆ ಹೊಸ ಷೆಲ್‌ಗೆ ಟೇಪ್ ಬದಲಾಯಿಸಿ. ಕೇಳೋ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಪದರ ಬಿಡಿಸಿಕೊಳ್ಳುತ್ತೆ. ಹೆಡ್ ಮತ್ತು ಕ್ಯಾಪ್‌ಸ್ಟನ್ (ಟೇಪ್ ಎಳೆಯೋ ಕಡ್ಡಿ) ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಹೆಡ್ ಪಕ್ಕ ಸ್ಪ್ರಿಂಗ್ ಇರೋ ಸಣ್ಣ ಸ್ಕ್ರೂ ಇದೆಯಲ್ಲ, ಅದು ಅಜಿಮತ್, ಅಂದ್ರೆ ಹೆಡ್ಡಿನ ಓರೆ ಸರಿಪಡಿಸೋದು. ಮೋನೋದಲ್ಲಿ ಕೇಳ್ತಾ ಝಾಂಜ್ ಸದ್ದು ಅತಿ ಸ್ಪಷ್ಟ ಆಗೋ ತನಕ ಕೂದಲೆಳೆಯಷ್ಟು ತಿರುಗಿಸಿ. ಟೇಪ್ ಮಂಕಾಗಿದೆ ಅಂತ ಅಂದ್ಕೊಳ್ಳೋದರಲ್ಲಿ ಎಷ್ಟೋ ಸಲ ತಪ್ಪು ಅಜಿಮತ್ತಿನದ್ದು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ತುಂಬಿಸಿ. ಕೊನೆಗೆ ಟ್ಯೂನರ್ ಇಟ್ಟು ನೋಡಿ. ಗಿಟಾರಿನ ಖಾಲಿ ತಂತಿ 20–30 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲೆ ತೋರಿಸ್ತಿದ್ರೆ ಡೆಕ್ ವೇಗವಾಗಿ ಓಡ್ತಿದೆ. ಪಿಚ್ ಮಾತ್ರ ಇಳಿಸಬೇಡಿ, ವೇಗವನ್ನೇ ಇಳಿಸಿ. ಇಲ್ಲದಿದ್ರೆ ಹಳೇ ಲಯವನ್ನ ತಪ್ಪಾಗಿ ಲೆಕ್ಕ ಹಾಕ್ತೀರಿ.

ಮೂಡಿಗೆರೆ_ಮಳೆ

ಗೋಡೌನ್ ಸಾಮಾನು ಅಂದ್ರಲ್ಲ, ದಯವಿಟ್ಟು ಯಾವುದನ್ನೂ ನೇರ ಪ್ಲಗ್‌ಗೆ ಹಾಕಬೇಡಿ. ಆಸೆಗೆ ಒಂದು ಸಲ ಆನ್ ಮಾಡಿ ನೋಡೋಣ ಅಂತ ಹೋದಾಗಲೇ ಒಳ್ಳೆ ಆಂಪ್‌ಗಳು ಸುಡೋದು. ವರ್ಷಗಟ್ಟಲೆ ಕರೆಂಟ್ ಕಾಣದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೆ ಬಲಹೀನ ಆಗಿರುತ್ತೆ, ಒಮ್ಮೆಗೇ 230 ವೋಲ್ಟ್ ಕೊಟ್ರೆ ಒಡೆಯುತ್ತೆ.

ಎಲೆಕ್ಟ್ರಿಷಿಯನ್ ಹತ್ರ ಇರೋ ಸೀರೀಸ್ ಬೋರ್ಡ್ ಸಾಕು. 100 ವ್ಯಾಟ್ ಹಳೇ ತಂತಿ ಬಲ್ಬ್ (ಎಲ್‌ಇಡಿ ಅಲ್ಲ) ಸೀರೀಸ್‌ನಲ್ಲಿ ಹಾಕಿ, ಟ್ರಾನ್ಸ್‌ಫಾರ್ಮರ್ ಇರೋ ಆಂಪ್ ಅದರ ಮೂಲಕ ಆನ್ ಮಾಡಿ, ವಾಲ್ಯೂಮ್ ಸೊನ್ನೆಯಲ್ಲಿರಲಿ. ಬಲ್ಬ್ ಒಮ್ಮೆ ಫಳ್ ಅಂತ ಉರಿದು ಮಂಕಾದ್ರೆ ಆಂಪ್ ಸರಿ ಇದೆ, ಅರ್ಧ ಗಂಟೆ ಹಾಗೇ ಬಿಡಿ. ಪೂರ್ತಿ ಬೆಳಕಲ್ಲೇ ನಿಂತ್ರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ ರಿಪೇರಿಗೆ. ಎಸ್‌ಎಂಪಿಎಸ್ (ಕಂಪ್ಯೂಟರಿನಲ್ಲಿರೋ ಥರದ ಪವರ್ ಸಪ್ಲೈ) ಇರೋ ಕೀಬೋರ್ಡ್, ಡಿಜಿಟಲ್ ಮಿಕ್ಸರ್‌ಗೆ ಈ ವಿಧಾನ ಬೇಡ.

ಹಳೇ ಕೀಬೋರ್ಡ್‌ನಲ್ಲಿ ನೆನಪಿಗಾಗಿ ನಾಣ್ಯದಂಥ ಸಿಆರ್ 2032 ಬ್ಯಾಟರಿ ಇರುತ್ತೆ. ಇನ್ನೂ ಜೀವ ಇದ್ರೆ, ತೆಗೆಯೋ ಮುಂಚೆ ಮಿಡಿ (ವಾದ್ಯವನ್ನ ಕಂಪ್ಯೂಟರಿಗೆ ಜೋಡಿಸೋ ಸಂಪರ್ಕ) ಮೂಲಕ ನಿಮ್ಮ ಟೋನ್‌ಗಳನ್ನ ಕಂಪ್ಯೂಟರ್‌ಗೆ ಇಳಿಸ್ಕೊಳ್ಳಿ. ಬ್ಯಾಟರಿ ತೆಗೆದ ಕ್ಷಣ ಸ್ವಂತ ಟೋನ್ ಎಲ್ಲಾ ಹೋಗುತ್ತೆ. ಪೆಡಲ್‌ಗಳ 9 ವೋಲ್ಟ್ ಬ್ಯಾಟರಿ ಸೋರಿ ಬಿಳಿ ಪುಡಿ ಕೂತಿದ್ರೆ ನಿಂಬೆರಸ ಅಥವಾ ವಿನಿಗರ್ ಹತ್ತಿಯಲ್ಲಿ ಒತ್ತಿ, ಆಮೇಲೆ ಐಸೊಪ್ರೊಪೈಲ್‌ನಲ್ಲಿ ಒರೆಸಿ. ಕರಕರ ಅನ್ನೋ ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ತುಕ್ಕಿಗೆ ಹೊಡೆಯೋ ಸ್ಪ್ರೇ ಬೇಡ, ಎಣ್ಣೆ ಉಳಿದು ಧೂಳು ಹಿಡಿಯುತ್ತೆ.

ಗಿಟಾರ್ ಕತ್ತು ತೇವಕ್ಕೆ ಬಾಗಿರುತ್ತೆ. ಹೊಸ ತಂತಿ ಹಾಕಿ ಶ್ರುತಿ ಮಾಡಿ, ಒಂದನೇ ಫ್ರೆಟ್ ಮತ್ತು ಕೊನೇ ಫ್ರೆಟ್ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ರ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದ್ರೆ 0.25 ಮಿ.ಮೀ. ಆಸುಪಾಸು ಇರಬೇಕು. ಹೆಚ್ಚಿದ್ರೆ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಬಲಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಸಡಿಲ ಕೂರೋ ಅಲನ್ ಕೀ ಬಳಸಿದ್ರೆ ನಟ್ ಸವೆದು ಕತ್ತೇ ವ್ಯರ್ಥ ಆಗುತ್ತೆ. ಡ್ರಮ್ಮಿನ ಮೇಲ್ಭಾಗದ ಹೆಡ್‌ಗಳು ಹೊಸದೇ ಬೇಕು, ಒರೆಸಿ ಸರಿ ಮಾಡೋ ವಿಷಯ ಅಲ್ಲ.

ಸರಿ ಮಾಡಿದ್ಮೇಲೆ ವಾಪಸ್ ಗೋಡೌನ್‌ಗೆ ಇಡಬೇಡಿ. ನಮ್ಮ ಕಡೆ ಜುಲೈನಲ್ಲಿ ತೇವಾಂಶ 80 ದಾಟಿಯೇ ಇರುತ್ತೆ, ಗಿಟಾರ್‌ಗೆ 45–55 ಹಿತ. ಬೀರು ಒಳಗೆ 15 ವ್ಯಾಟ್ ತಂತಿ ಬಲ್ಬ್ ಉರಿಸೋ ಹಳೇ ಮಲೆನಾಡು ಪದ್ಧತಿ ಇವತ್ತಿಗೂ ಕೆಲಸ ಮಾಡುತ್ತೆ. ಬಟ್ಟೆ ಬಲ್ಬ್‌ಗೆ ತಾಗದ ಹಾಗೆ ತಂತಿ ಬಲೆ ಕಟ್ಟಿ.

ಹೇಮಾವತಿ_ದಂಡೆ

ತುಂಬಾ ಧನ್ಯವಾದ ಎಲ್ಲರಿಗೂ. ಕರಾರು ಸಿಕ್ಕಿತು, ಅವಧಿ ಬರೆದಿಲ್ಲ, ಸ್ಟುಡಿಯೋ ರಸೀದಿ ತಂಡದ ಹೆಸರಲ್ಲೇ ಇದೆ. ಎರಡು ಪ್ರಶ್ನೆ ಉಳಿದಿವೆ. ಹಾಡೋರಿಗೆ ಮೊದಲಿನ ಮೇಲಿನ ಸ್ವರ ಸಿಗ್ತಿಲ್ಲ. ಕೀಬೋರ್ಡ್ ಇಲ್ಲದೆ ಹೇಗೆ? ಮೂವರು ಬೆಂಗಳೂರಲ್ಲಿದ್ದಾರೆ, ವಾರಾಂತ್ಯ ಮಾತ್ರ ಸಿಗ್ತಾರೆ.

ಅರ್ಧ_ಸ್ವರ

ಸರ್, ನಲವತ್ತು ದಾಟಿದವರನ್ನ ಇಪ್ಪತ್ತೆರಡರ ಶ್ರುತಿಯಲ್ಲಿ ಹಾಡಿಸಬೇಡಿ. ಇಳಿಸೋದು ಸೋಲಲ್ಲ. ಎಷ್ಟು ಇಳಿಸಬೇಕು ಅನ್ನೋದನ್ನ ಮಾತ್ರ ಬೆಳಿಗ್ಗೆ ತಾಜಾ ಗಂಟಲಲ್ಲಿ ನಿರ್ಧರಿಸಬೇಡಿ. ಎರಡು ಗಂಟೆ ಹಾಡಿದ ಮೇಲೆ, ಅತಿ ಕಷ್ಟದ ಹಾಡಿನ ಅತಿ ಮೇಲಿನ ಸಾಲನ್ನ ಮೂರು ಸಲ ಬೆನ್ನುಬೆನ್ನಿಗೆ ಹಾಡಿಸಿ. ಮೂರನೇ ಸಲವೂ ಅರಚದೆ ಬಂದ ಶ್ರುತಿಯೇ ಸರಿಯಾದದ್ದು.

ಎಲ್ಲ ಹಾಡನ್ನೂ ಒಂದೇ ಅಳತೆಯಲ್ಲಿ ಇಳಿಸಿ, ಇಲ್ಲದಿದ್ರೆ ವೇದಿಕೆ ಮೇಲೆ ಗಿಟಾರ್ ಬದಲಾಯಿಸ್ತಾ ಇರಬೇಕಾಗುತ್ತೆ. ಅರ್ಧ ಸ್ವರ ಆದ್ರೆ ಇರೋ ತಂತಿಯೇ ಸಾಕು. ಪೂರ್ತಿ ಒಂದು ಸ್ವರ, ಅಂದ್ರೆ ಇ ಬದಲು ಡಿ ಆದ್ರೆ .010 ಸೆಟ್ (ಇಂಚಿನಲ್ಲಿ ತಂತಿ ದಪ್ಪ) ತೆಗೆದು .011 ಹಾಕಿ, ಬೇಸ್‌ಗೆ 45–105 ಬದಲು 50–110 (ಇಂಚಿನ ಸಾವಿರದ ಭಾಗದ ಲೆಕ್ಕ). ದಪ್ಪ ತಂತಿ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ತೋಡಿನಲ್ಲಿ ಸಿಕ್ಕಿಕೊಂಡ್ರೆ ಪ್ರತಿ ಬೆಂಡ್ ಆದ್ಮೇಲೂ ಶ್ರುತಿ ತಪ್ಪುತ್ತೆ, ತೋಡನ್ನ ಅರದಲ್ಲಿ ಸ್ವಲ್ಪ ಉಜ್ಜಿಸಬೇಕು. ತಂತಿ ಬದಲಿಸಿದ ಮೇಲೆ ಬ್ರಿಡ್ಜ್‌ನಲ್ಲಿ ಇಂಟೊನೇಷನ್ (ಮೇಲಿನ ಫ್ರೆಟ್ಟುಗಳಲ್ಲೂ ಶ್ರುತಿ ಸರಿ ಇರೋದು) ಮತ್ತೆ ಹೊಂದಿಸಿ.

ಲಯಕ್ಕೆ ಬನ್ನಿ. ಹಳೇ ರೆಕಾರ್ಡಿಂಗ್ ಕ್ಲಿಕ್ (ಲಯ ಹಿಡಿಯೋಕೆ ಕಿವಿಗೆ ಕೊಡೋ ಟಿಕ್ ಟಿಕ್ ಸದ್ದು) ಇಲ್ಲದೆ ಮಾಡಿದ್ದಾದ್ರೆ ಶುರುವಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ ಹದಿನಾರು ಬಾರ್ (ತಾಳದ ಆವರ್ತ) ತಟ್ಟಿ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಅಳೀರಿ. 118ಕ್ಕೆ ಶುರುವಾಗಿ 126ಕ್ಕೆ ಮುಗಿಯೋದು ಸಾಮಾನ್ಯ. ಶುರುವಿನ ಅಂಕಿ ಹಿಡೀರಿ. ಮತ್ತೆ ಸೇರಿದ ತಂಡ ಮೊದಲ ರಾತ್ರಿ ಸಂಭ್ರಮಕ್ಕೇ ವೇಗ ಏರಿಸುತ್ತೆ, ಸಾಹಿತ್ಯ ನುಂಗಿಹೋಗುತ್ತೆ. ಡ್ರಮ್ಸ್‌ನವರ ಒಂದು ಕಿವಿಗೆ ಮಾತ್ರ ಕ್ಲಿಕ್ ಕೊಡಿ, ಮೊದಲ ನಾಲ್ಕು ಬಾರ್ ಹಿಡಿದ್ರೆ ಸಾಕು.

ಮರೆತ ಭಾಗ ನೆನಪಿಸ್ಕೊಳ್ಳೋಕೆ ಡೆಮಕ್ಸ್ ಅನ್ನೋ ಉಚಿತ ತಂತ್ರಾಂಶ ಇದೆ. ಸಿ.ಡಿ.ಯ ಮಿಕ್ಸನ್ನೇ ಹಾಡು, ಡ್ರಮ್ಸ್, ಬೇಸ್, ಉಳಿದದ್ದು ಅಂತ ನಾಲ್ಕಾಗಿ ಬಿಡಿಸುತ್ತೆ. ಪ್ರತಿಯೊಬ್ಬರಿಗೂ ಎರಡು ಫೈಲ್ ಕಳಿಸಿ: ಅವರ ವಾದ್ಯ ಮಾತ್ರ ಇರೋದು (ಗಿಟಾರಿನವರಿಗೆ ‘ಉಳಿದದ್ದು’), ಅವರ ವಾದ್ಯ ಇಲ್ಲದ್ದು. ಎರಡನ್ನೂ ಹೊಸ ಶ್ರುತಿಗೆ ಇಳಿಸಿಯೇ ಕಳಿಸಿ. ಮೂರು ವಾರ ಮನೇಲಿ ಅಭ್ಯಾಸ, ಆಮೇಲೆ ಆರು ವಾರಾಂತ್ಯ ಒಟ್ಟಿಗೆ, ದಿನಕ್ಕೆ ನಾಲ್ಕು ಗಂಟೆ, ಐವತ್ತು ನಿಮಿಷಕ್ಕೆ ಹತ್ತು ನಿಮಿಷ ಬಿಡುವು. ಮೊದಲ ಎರಡು ಸಲ ಮೈಕ್ ಇಲ್ಲದೆ ಹಾಡೋದು ಕೇಳೋಷ್ಟು ಮೆಲ್ಲಗೆ ನುಡಿಸಿ. ಮಾಡಿದ ತಪ್ಪು ಅಷ್ಟು ಮೆಲ್ಲಗಿದ್ದಾಗಲೇ ಕಿವಿಗೆ ಬೀಳೋದು. ಸೋಲೋಗಳ ಮೇಲೆ ಸಮಯ ಹಾಕಬೇಡಿ, ಅವು ಬೆರಳಿಗೆ ನೆನಪಿರುತ್ತೆ. ಹಾಡು ಮುಗಿಸೋದು, ಪಲ್ಲವಿಯಿಂದ ಚರಣಕ್ಕೆ ತಿರುಗೋ ಜಾಗ, ಇವುಗಳನ್ನ ಹತ್ತು ಹತ್ತು ಸಲ ಮಾಡಿ. ಕೋಣೆ ಗೋಡೆಗೆ ಕಾಫಿ ಚೀಲ ನೇತುಹಾಕಿದ್ರೆ ಝಾಂಜಿನ ಕೂಗಷ್ಟೇ ತಗ್ಗುತ್ತೆ. ಬೇಸ್ ಗುಂಯ್‌ಗುಡೋದು ನಿಲ್ಲಬೇಕಾದ್ರೆ ಮೂಲೆಗಳಲ್ಲಿ ಹತ್ತಿ ಹಾಸಿಗೆ ನಿಲ್ಲಿಸಿ.

ಕೀಬೋರ್ಡ್ ಭಾಗವನ್ನ ರೆಕಾರ್ಡ್ ಮಾಡಿ ಟ್ರ್ಯಾಕ್ ಆಗಿ ಹಾಕೋ ಆಸೆ ಬರುತ್ತೆ, ಬೇಡ. ಟ್ರ್ಯಾಕ್ ಹಾಕಿದ್ರೆ ಪೂರ್ತಿ ತಂಡ ಕ್ಲಿಕ್‌ಗೆ ಕಟ್ಟಿಬೀಳುತ್ತೆ, ಒಬ್ಬರು ಒಂದು ಬಾರ್ ತಪ್ಪಿದ್ರೂ ಹಾಡು ನಿಲ್ಲಿಸಬೇಕು. ಮುಖ್ಯ ಸ್ವರಸಾಲನ್ನ ಲೀಡ್ ಗಿಟಾರ್ ತಗೊಳ್ಳಲಿ. ಉದ್ದುದ್ದ ಹಿಡಿಯೋ ಪ್ಯಾಡ್‌ಗಳನ್ನ ಬಿಟ್ಟುಬಿಡಿ, ಜಾಗ ಖಾಲಿ ಇರಲಿ. ಅವರ ರಾಗ ಇರೋ ಹಾಡನ್ನ ಆರಿಸೋ ಮುಂಚೆ ಫೋನ್ ಮಾಡಿ, ಹೊಸ ಜೋಡಣೆ ಕೇಳಿಸಿ, ಒಪ್ಪಿಗೆಯನ್ನ ಇ-ಮೇಲ್‌ನಲ್ಲಿ ತರಿಸ್ಕೊಳ್ಳಿ.

ತಮಟೆ ಮರೀಬೇಡಿ. ತೇವದ ಚಳಿಗೆ ಚರ್ಮ ಸಡಿಲ ಆಗಿ ಸದ್ದು ಬಿದ್ದುಹೋಗುತ್ತೆ. ಸಭಾಂಗಣದಲ್ಲಿ ಬೆಂಕಿ ಹಾಕೋ ಹಾಗಿಲ್ಲ. ನೇಪಥ್ಯದಲ್ಲಿ ಕಾಯಿಲ್ ಹೀಟರ್ ಇಟ್ಟು ಒಂದಡಿ ದೂರದಿಂದ ಕಾಯಿಸಿ. ಎರಡು ತಮಟೆ ತನ್ನಿ, ಒಂದು ನುಡಿಸುವಾಗ ಇನ್ನೊಂದು ಕಾಯ್ತಿರಲಿ. ಮೈಕ್ ಅರ್ಧ ಮೀಟರ್ ದೂರ, ನಡುಮಧ್ಯಕ್ಕಲ್ಲ, ಅಂಚಿನ ಕಡೆಗೆ.

ನ್ಯೂಟ್ರಲ್_ಅರ್ತ್

ಸಭಾಂಗಣದ ದಿನದ ಕೆಲಸ ನಾನು ಹೇಳ್ತೀನಿ. ಸೌಂಡ್‌ನವರಿಗೆ ‘ಬ್ಯಾಂಡ್ ಇದೆ’ ಅಂತ ಮಾತ್ರ ಹೇಳಿದ್ರೆ ಭಾಷಣಕ್ಕೆ ತರೋ ನಾಲ್ಕು ಮೈಕ್ ತರ್ತಾರೆ. ಪಟ್ಟಿ ಬರೆದು ಕೊಡಿ: ಕಿಕ್, ಸ್ನೇರ್, ಹೈಹ್ಯಾಟ್, ಟಾಮ್, ಫ್ಲೋರ್ ಟಾಮ್, ಓವರ್‌ಹೆಡ್ (ಡ್ರಮ್ಸ್ ಮೇಲೆ ತೂಗೋ ಮೈಕ್) ಎರಡು, ಬೇಸ್ ಡಿಐ (ವಾದ್ಯವನ್ನ ನೇರ ಮಿಕ್ಸರಿಗೆ ಜೋಡಿಸೋ ಪೆಟ್ಟಿಗೆ), ಲೀಡ್ ಗಿಟಾರ್, ಅಕೂಸ್ಟಿಕ್ ಡಿಐ, ಹಾಡಿಗೆ ಒಂದು, ಜೊತೆ ಹಾಡೋರಿಗೆ ಎರಡು, ತಮಟೆ ಒಂದು. ಹದಿನಾಲ್ಕಾಯ್ತು, 16 ಚಾನಲ್ ಮಿಕ್ಸರ್ ಸಾಕು. ಮಾನಿಟರ್ (ವೇದಿಕೆ ಮೇಲಿರೋರಿಗೆ ಕೇಳಿಸೋ ಸ್ಪೀಕರ್) ನಾಲ್ಕು, ನಾಲ್ಕಕ್ಕೂ ಬೇರೆ ಬೇರೆ ಮಿಕ್ಸ್ ಇರಲಿ.

ಯಾವುದನ್ನೂ ಪ್ಲಗ್ ಮಾಡೋ ಮುಂಚೆ ಮಲ್ಟಿಮೀಟರ್. ಫೇಸ್–ನ್ಯೂಟ್ರಲ್ 230 ವೋಲ್ಟ್ ಆಸುಪಾಸು, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟ್ ಒಳಗೆ. ಜನರೇಟರ್‌ಗೆ ಬದಲಾಯಿಸಿದ ಮೇಲೂ ಮತ್ತೆ ಅಳೀರಿ. ಮೂರು ಫೇಸ್ ಜನರೇಟರ್‌ನಲ್ಲಿ ನ್ಯೂಟ್ರಲ್ ಸಡಿಲ ಇದ್ರೆ ಒಂದು ಫೇಸ್ 300 ದಾಟಿಹೋಗುತ್ತೆ, ಒಂದೇ ಕ್ಷಣದಲ್ಲಿ ಆಂಪ್, ಅಡಾಪ್ಟರ್ ಎಲ್ಲಾ ಹೋಗುತ್ತೆ. ಲೈಟಿಂಗ್ ಒಂದು ಫೇಸ್, ಸೌಂಡ್ ಮತ್ತು ವಾದ್ಯಗಳ ಆಂಪ್ ಎಲ್ಲಾ ಇನ್ನೊಂದು ಫೇಸ್, ಒಂದೇ ಬೋರ್ಡಿನಿಂದ.

ಹಾಡೋರು ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯೋದು ಅರ್ತ್ ಇಲ್ಲದ ಪ್ಲಗ್‌ನಿಂದ. ಮೀಟರನ್ನ ಎ.ಸಿ. ವೋಲ್ಟ್‌ಗಿಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡೀರಿ. ಹತ್ತಿಪ್ಪತ್ತು ವೋಲ್ಟ್ ತೋರಿಸಿದ್ರೂ ಕಾರ್ಯಕ್ರಮ ಶುರು ಮಾಡಬೇಡಿ, ಅರ್ತ್ ಸರಿ ಮಾಡಿಸಿ. ಹಮ್ (ಕರೆಂಟಿನ ಗುಂಯ್ ಸದ್ದು) ಬರುತ್ತೆ ಅಂತ ಅರ್ತ್ ಪಿನ್ ಮುರಿಯೋರು ಇದ್ದಾರೆ, ಅದು ಜೀವದ ಜೊತೆ ಆಟ. ಹಮ್‌ಗೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ.

ಸಮಯ: ಧ್ವನಿವರ್ಧಕಕ್ಕೆ ಪೊಲೀಸ್ ಲಿಖಿತ ಅನುಮತಿ ತಗೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರ ನಿಷೇಧ 2000ದ ಶಬ್ದಮಾಲಿನ್ಯ ನಿಯಮದ್ದು. ಮುಚ್ಚಿದ ಸಭಾಂಗಣಕ್ಕೆ ಸ್ವಲ್ಪ ಸಡಿಲ ಇದ್ರೂ 9:45ಕ್ಕೆ ಮುಗಿಸೋ ಲೆಕ್ಕ ಹಾಕಿ. 14 ಹಾಡು, ತಲಾ ನಾಲ್ಕೂವರೆ ನಿಮಿಷ ಅಂದ್ರೆ 63 ನಿಮಿಷ, ಮಾತು ಸೇರಿ ಒಂದೂವರೆ ಗಂಟೆ. ಏಳೂವರೆಗೆ ಶುರು. ಪಾಳಿ ಲೆಕ್ಕದಲ್ಲಿ ಕೊಡೋ ಜಾಗವಾದ್ರೆ ಬೆಳಿಗ್ಗೆ ಪಾಳಿಯನ್ನೂ ತಗೊಳ್ಳಿ, ಸೌಂಡ್ ಚೆಕ್ ಇಲ್ಲದೆ ಹತ್ತಬೇಡಿ.

ದಿನಾಂಕಕ್ಕೆ ನನ್ನ ಮತ ಧನುರ್ಮಾಸ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ. ಮದುವೆ ಇರಲ್ಲ, ಸೌಂಡ್‌ನವರು, ಲೈಟ್‌ನವರು ಬಿಡುವಾಗಿರ್ತಾರೆ, ಚೌಕಾಸಿಗೆ ಒಗ್ಗುತ್ತಾರೆ.

ಮೂಡಿಗೆರೆ_ಮಳೆ

ಹಾಸನಕ್ಕೆ ಧನುರ್ಮಾಸ ಸರಿ. ಆದ್ರೆ ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಕೇಳುಗರು ಬರಬೇಕು ಅಂದ್ರೆ ಆಗ ಅರೇಬಿಕಾ ಕಾಫಿ ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸೋದು) ರಾತ್ರಿ ತನಕ ನಡೀತಿರುತ್ತೆ. ತೋಟದವರು ಏಳೂವರೆಗೆ ಹಾಸನ ಮುಟ್ಟಲ್ಲ. ಸಂಕ್ರಾಂತಿ ಆದ ಮೇಲೆ ರೊಬಸ್ಟಾ. ನನ್ನ ಪ್ರಕಾರ ಭಾನುವಾರ ಸಂಜೆ ಐದಕ್ಕೆ ಇಟ್ಟು ಏಳಕ್ಕೆ ಮುಗಿಸಿ. ಊರಿಗೆ ವಾಪಸ್ ಹೋಗೋರಿಗೂ ಅನುಕೂಲ, ಬೆಂಗಳೂರಿಗೆ ಹೊರಡೋ ನಿಮ್ಮ ಮೂವರಿಗೂ ಅನುಕೂಲ.

ನ್ಯೂಟ್ರಲ್_ಅರ್ತ್

ಐದು ಗಂಟೆ ಒಳ್ಳೆ ಯೋಚನೆ, ಒಪ್ಪಿದೆ. ಒಂದು ತಿದ್ದುಪಡಿ ಮಾತ್ರ. ಹಾಗಾದ್ರೆ ಮಧ್ಯಾಹ್ನದ ಬಿಸಿಲಿಗೆ ಶ್ರುತಿ ಮಾಡಿದ ಗಿಟಾರ್‌ಗಳು ಸೂರ್ಯ ಮುಳುಗಿ ತಣ್ಣಗಾಗ್ತಿದ್ದಂತೆ ಶ್ರುತಿ ಬದಲಿಸುತ್ತೆ. ತಂತಿ ಕುಗ್ಗಿ ಸ್ವಲ್ಪ ಮೇಲಕ್ಕೆ ಹೋಗುತ್ತೆ. ಆರು ಗಂಟೆ ಸುಮಾರಿಗೆ ಬರೋ ಎರಡು ಹಾಡಿನ ಮಧ್ಯೆ ಒಂದೂವರೆ ನಿಮಿಷ ಮಾತಿಗೆ ಬಿಡಿ, ಆಗ ಪೆಡಲ್ ಟ್ಯೂನರ್‌ನಲ್ಲಿ ಎಲ್ಲರೂ ಮತ್ತೆ ಶ್ರುತಿ ನೋಡ್ಕೊಳ್ಳಲಿ. ಆ ಜಾಗವನ್ನ ಹಾಡಿನ ಪಟ್ಟಿಯಲ್ಲೇ ಕೆಂಪು ಗೆರೆ ಎಳೆದು ಗುರುತು ಹಾಕಿ, ಐದು ಪ್ರತಿ ತೆಗೆದು ಒಂದೊಂದನ್ನ ಪ್ರತಿ ಮಾನಿಟರ್ ಪಕ್ಕ, ಒಂದನ್ನ ಮಿಕ್ಸರ್ ಹತ್ರ ಅಂಟಿಸಿ.